ನಿನ್ನೆಯ ಬಂಡೆ

ಫೆಬ್ರವರಿ ೨೨

ಎಡಚ,

‘ಪ್ರೀತಿಯ ಮೈದುನನಿಗೆ’ ಎಂದು ಶುರು ಮಾಡಿ ಎರಡು ಹಾಳೆ ಹರಿದು ಹಾಕಿದೆ. ಮದುವೆಯಾಗಿ ಬಂದ ಮೊದಲ ವಾರವೇ, ನೀನು ಎಡಗೈಯಲ್ಲಿ ಬರೆಯುವುದನ್ನು ಕಂಡು ಎಡಚ ಎಂದು ಕರೆದವಳು ನಾನು. ಈಗ ಹೊಸದಾಗಿ ಮರ್ಯಾದೆ ಕೊಡಲು ಹೋದರೆ ಇಬ್ಬರಿಗೂ ಅಳು ಬರುತ್ತದೆ.

ಸುರಂಗದಲ್ಲಿ ಬಂಡೆ ಕುಸಿದು ನಿನ್ನ ಅಣ್ಣ ಹೋಗಿ ಇವತ್ತಿಗೆ ಇಪ್ಪತ್ತೈದು ದಿನ. ನೀನು ಎರಡು ಸಲ ಫೋನು ಮಾಡಿದೆ, ಎರಡು ಸಲವೂ ನಾನು ಇಟ್ಟುಬಿಟ್ಟೆ. ಸಿಟ್ಟಲ್ಲ. ಫೋನಿನಲ್ಲಿ ನಿನ್ನ ದನಿ ಥೇಟ್ ಅವರದೇ. ‘ಅತ್ತಿಗೆ’ ಅನ್ನುವ ಹೊತ್ತಿಗೆ ನೀನೆಂದು ತಿಳಿಯುತ್ತದೆ, ಆದರೆ ಅದಕ್ಕೆ ಮುಂಚಿನ ‘ಹಲೋ’ ಇದೆಯಲ್ಲ, ಅದನ್ನು ತಡೆದುಕೊಳ್ಳಲು ನನ್ನಿಂದಾಗದು. ಅದಕ್ಕೇ ಈ ಕಾಗದ. ನೀನೂ ಬರೆ.

ಸೋಮವಾರದಿಂದ ಆಫೀಸಿಗೆ ಹೋಗುತ್ತಿದ್ದೇನೆ. ನನ್ನ ಮೇಜಿನ ಮೇಲೆ ಸೇತುವೆಯ ಕೊನೆಯ ಅಂಕಣದ ನಕ್ಷೆ ಹಾಗೇ ಬಿದ್ದಿತ್ತು. ಕಣಿವೆ ದಾಟಿ ನಿಮ್ಮ ಸುರಂಗದ ಬಾಯಿಗೆ ಹೋಗಿ ಮುಟ್ಟುವ ಅಂಕಣ, ಕೊನೆಯ ಕಂಬದಿಂದಾಚೆಯ ತುಂಡು. ‘ನೀನು ಆ ಕಡೆಯಿಂದ ಬಾ, ನಾನು ಈ ಕಡೆಯಿಂದ ಬರ್ತೀನಿ, ಬಾಗ್ಲಲ್ಲಿ ಸಿಗೋಣ’ ಎಂದು ನಾಲ್ಕು ವರ್ಷದಿಂದ ನಿನ್ನ ಅಣ್ಣ ತಮಾಷೆ ಮಾಡುತ್ತಿದ್ದರು. ಗಂಟೆಗೆ ಮುನ್ನೂರು ಕಿಲೋಮೀಟರು ಓಡುವ ರೈಲು ಮೇಲೆ ಹೋದರೆ ಸೇತುವೆ ಎಷ್ಟು ಮಿಲಿಮೀಟರು ಬಾಗಬಹುದು ಎಂದು ಲೆಕ್ಕ ಹಾಕುತ್ತಾ ಕೂತಿದ್ದೇನೆ. ಅಂಕಿಗಳು ಕಣ್ಣಿಗೆ ಕಾಣುತ್ತವೆ, ತಲೆಗೆ ಹೋಗುವುದಿಲ್ಲ.

ಅತ್ತೆ ಊಟ ಮಾಡುತ್ತಾರೆ, ಮಲಗುತ್ತಾರೆ. ಕನ್ನಡಕ ಹಾಕಿಕೊಳ್ಳುವುದನ್ನು ಮಾತ್ರ ಬಿಟ್ಟಿದ್ದಾರೆ. ‘ನೋಡೋಕೆ ಇನ್ನೇನಿದೆ’ ಎನ್ನುತ್ತಾರೆ. ‘ಚಿಕ್ಕವನೊಬ್ಬ ಇದ್ದಾನಲ್ಲ’ ಎಂದು ಆಮೇಲೆ ತಾವೇ ಹೇಳಿಕೊಳ್ಳುತ್ತಾರೆ. ನಿನ್ನ ಹೆಸರಿನ ಮೇಲೆ ಅವರ ಜೀವ ನಿಂತಿದೆ, ತಿಳಿದುಕೋ.

ಒಂದು ಮಾತು ನಿನಗೆ ಹೇಳಬೇಕು. ಆ ದಿನ ಬೆಳಿಗ್ಗೆ ನಿನ್ನ ಅಣ್ಣ ಫೋನು ಮಾಡಿದ್ದರು. ಸಿಗ್ನಲ್ ಸಿಗಲೆಂದು ನೀರಿನ ಟ್ಯಾಂಕಿನ ಗುಡ್ಡ ಹತ್ತಿ, ಭಾನುವಾರವೊಂದೇ, ಅದೂ ನಾಲ್ಕು ನಿಮಿಷ ಮಾತಾಡುವ ಮನುಷ್ಯ, ಅವತ್ತು ಬುಧವಾರ ಕಾರಣವೇ ಇಲ್ಲದೆ ನಲವತ್ತಮೂರು ನಿಮಿಷ ಮಾತಾಡಿದರು. ಅಡುಗೆಮನೆಯ ಸೋರುವ ನಲ್ಲಿ, ಅತ್ತೆಯ ಕನ್ನಡಕದ ಮುರಿದ ಕಾಲು, ನನ್ನ ಆಫೀಸಿನ ಜಗಳ, ಎಲ್ಲ ಕೇಳಿದರು. ಒಮ್ಮೆಯೂ ‘ಇಡ್ತೀನಿ’ ಎನ್ನಲಿಲ್ಲ ಮಹಾರಾಯ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅಷ್ಟು ಹೊತ್ತು ನಕ್ಕದ್ದೇ ಇಲ್ಲ ನಾವು. ಆ ನಲವತ್ತಮೂರು ನಿಮಿಷ ಬಿಟ್ಟರೆ ನನ್ನ ಹತ್ತಿರ ಈಗ ಏನೂ ಉಳಿದಿಲ್ಲ.

ಅಲ್ಲಿಂದ ಮುಂದೆ ಏನಾಯಿತು ಎಂದು ನೀನು ಹೇಳು. ಆ ಪಾಳಿಯ ಎಂಜಿನಿಯರು ನೀನೇ ಅಲ್ಲವೇ? ಇದ್ದದ್ದು ಇದ್ದ ಹಾಗೆ ಬರೆ. ನಾನು ಅಳುತ್ತೇನೆ ಎಂದು ಸಿಹಿ ಬೆರೆಸಬೇಡ.

ನಿನ್ನ ಅತ್ತಿಗೆ

ಮಾರ್ಚ್ ೯

ಅತ್ತಿಗೆ,

ತಡವಾಯಿತು, ಕ್ಷಮಿಸಿ. ನಾನು ಕಾಗದ ಬರೆದವನಲ್ಲ, ವರದಿ ಬರೆದವನು. ತಪ್ಪಿದರೆ ತಿದ್ದಿಕೊಳ್ಳಿ.

ಮಧ್ಯಾಹ್ನ ಮೂರರ ಸುಮಾರಿಗೆ ಅಣ್ಣ ಒಳಗೆ ಹೋದ. ಕೊರೆಯುವ ಕೊನೆಯಲ್ಲಿ ನಾಲ್ಕು ಜನ ಕೆಲಸ ಮಾಡುತ್ತಿದ್ದರು. ಅಣ್ಣ ಬಂಡೆಗೆ ಟಾರ್ಚು ಬಿಟ್ಟು ನೋಡಿದನಂತೆ, ಅಂಗೈ ಒತ್ತಿದನಂತೆ. ‘ಎಲ್ಲಾ ಬಿಡಿ, ಆಚೆ ನಡೀರಿ’ ಎಂದು ಕೂಗಿದ. ಮೇಸ್ತ್ರಿ ಸಾಮಾನು ತೆಗೆದುಕೊಳ್ಳಲು ಬಗ್ಗಿದ್ದಕ್ಕೆ ಕುತ್ತಿಗೆಪಟ್ಟಿ ಹಿಡಿದು ನೂಕಿದ. ನಾಲ್ವರೂ ಬದುಕಿದ್ದಾರೆ. ಅಣ್ಣ ಅವರ ಹಿಂದೆಯೇ ಬರುತ್ತಿದ್ದ. ಹತ್ತು ಹೆಜ್ಜೆ ಸಿಕ್ಕಿದ್ದರೆ ಸಾಕಿತ್ತು.

ಬೆಳಗಿನ ವಿಷಯ ಹೆಚ್ಚು ಹೇಳಲಾರೆ. ಎಂದಿನ ಹಾಗೆಯೇ ಇತ್ತು.

ಒಂದು ಕೇಳುತ್ತೇನೆ, ಬೇಜಾರಾಗಬೇಡಿ. ಆ ಫೋನು ಎಷ್ಟು ಗಂಟೆಗೆ ಬಂದದ್ದು? ಅಣ್ಣ ಗುಡ್ಡದ ಮೇಲೆ ಹೋಗಿದ್ದು ನನಗೆ ಗೊತ್ತಿತ್ತು. ನಿಮ್ಮ ಜೊತೆ ಅಷ್ಟು ಹೊತ್ತು ಮಾತಾಡಿದ ಎಂದು ಗೊತ್ತಿರಲಿಲ್ಲ.

ಅಮ್ಮನಿಗೆ ಕನ್ನಡಕ ಹಾಕಿಕೊಳ್ಳಲು ಹೇಳಿ. ನಾನು ಹೇಳಿದೆ ಎಂದು ಹೇಳಿ.

ನಿಮ್ಮ ಮೈದುನ

ಮಾರ್ಚ್ ೧೬

ಎಡಚ,

ನಾಲ್ಕು ಜನರನ್ನು ಹೊರಗೆ ಕಳಿಸಿದ್ದನ್ನು ಅತ್ತೆಗೆ ಎರಡು ಸಲ ಓದಿ ಹೇಳಿದೆ. ‘ಕುತ್ತಿಗೆಪಟ್ಟಿ ಹಿಡಿದ’ ಎನ್ನುವಲ್ಲಿ ನಕ್ಕರು. ‘ಸಣ್ಣವನಿದ್ದಾಗ ತಮ್ಮನ್ನ ಹೀಗೇ ಎಳ್ಕೊಂಡು ಬರ್ತಿದ್ದ’ ಎಂದರು. ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡರು.

ಬೆಳಗಿನ ಮಾತು ಬಂದರೆ ಮಾತ್ರ ನಿನ್ನದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಫೋನಿನ ಹೊತ್ತು ಕೇಳಿದೆಯಲ್ಲ, ಏಳು ಗಂಟೆ ಎಂಟು ನಿಮಿಷದಿಂದ ಏಳು ಐವತ್ತೊಂದರವರೆಗೆ. ಫೋನಿನಲ್ಲಿ ಇನ್ನೂ ಇದೆ, ಅಳಿಸಿಲ್ಲ. ಅಳತೆ ಇಲ್ಲದೆ ನಿನಗೆ ಯಾವುದೂ ನಂಬಿಕೆಯಾಗುವುದಿಲ್ಲ ಅಲ್ಲವೇ?

ಈಗ ನನ್ನ ಮಾತು ಕೇಳು. ಇಲ್ಲಿ ಆಫೀಸಿನಲ್ಲಿ ಗುಸುಗುಸು ಶುರುವಾಗಿದೆ. ನಾನು ಹೋದರೆ ಚಹಾದ ಮೇಜಿನಲ್ಲಿ ಮಾತು ನಿಲ್ಲುತ್ತದೆ. ಪ್ರತಿ ಸಲ ಸಿಡಿಮದ್ದು ಹಾರಿಸಿ ಕಲ್ಲು ತೆಗೆದ ಮೇಲೆ, ಹೊಸದಾಗಿ ತೆರೆದ ಬಂಡೆಯ ಮುಂದೆ ನಿನ್ನ ಅಣ್ಣ ನಿಂತು, ಬಿರುಕು, ನೀರು, ಬಣ್ಣ ನೋಡಿ ನಕ್ಷೆ ಬರೆಯಬೇಕಿತ್ತಲ್ಲ. ಆ ನಕ್ಷೆ ನೋಡಿಯೇ ಅಲ್ಲವೇ ಬಂಡೆಗೆ ಆಸರೆಯಾಗಿ ಎಷ್ಟು ಬೋಲ್ಟು, ಎಷ್ಟು ಉಕ್ಕಿನ ಕಮಾನು ಎಂದು ನೀವೆಲ್ಲ ತೀರ್ಮಾನ ಮಾಡುವುದು? ಆ ದಿನದ ನಕ್ಷೆ ಹಿಂದಿನ ದಿನದ್ದರ ನಕಲಂತೆ. ಬಂಡೆ ನೋಡದೆಯೇ ಬರೆದದ್ದಂತೆ. ಒಳಗೆ ಬಂಡೆ ಪುಡಿಯಾಗಿತ್ತು, ಕಾಗದದ ಮೇಲೆ ಮಾತ್ರ ಗಟ್ಟಿಯಿತ್ತಂತೆ.

ಸತ್ತವರ ಮೇಲೆ ಗೂಬೆ ಕೂರಿಸುವುದು ಸುಲಭ, ಅವರು ಎದ್ದು ಬಂದು ಇಲ್ಲ ಎನ್ನುವುದಿಲ್ಲ. ತಲೆ ಹೋದರೂ ನಿನ್ನ ಅಣ್ಣ ಅಂಥ ಕೆಲಸ ಮಾಡುವವರಲ್ಲ. ಮನೆಯ ಗೋಡೆಗೆ ಮೊಳೆ ಹೊಡೆಯಲು ಕೂಡ ಮೂರು ಕಡೆ ತಟ್ಟಿ ನೋಡುತ್ತಿದ್ದ ಮನುಷ್ಯ. ವಿಚಾರಣಾ ಸಮಿತಿ ನಿನ್ನನ್ನು ಕರೆಯುತ್ತದಲ್ಲ, ಅಲ್ಲಿ ಇದನ್ನು ಹೇಳಿ ಬಾ. ಅವರ ಹೆಸರು ಉಳಿಸುವುದು ಈಗ ನಿನ್ನ ಕೈಯಲ್ಲಿದೆ.

ಅತ್ತಿಗೆ

ಏಪ್ರಿಲ್ ೪

ಅತ್ತಿಗೆ,

ಸಮಿತಿಯ ಮುಂದೆ ಹೇಳಿ ಬಂದೆ. ಅಣ್ಣನ ಹೆಸರಿಗೆ ಏನೂ ಆಗುವುದಿಲ್ಲ.

ಆ ನಕ್ಷೆ ಬರೆದದ್ದು ನಾನು. ಸಿಡಿಮದ್ದಿನ ಹೊಗೆ ಹೋಗಿ, ಕಲ್ಲು ತೆಗೆದು, ಜನ ಏಳು ಗಂಟೆಯಿಂದ ಕಾಯುತ್ತಿದ್ದರು. ಆ ತಿಂಗಳು ನಾವು ಹನ್ನೆರಡು ಮೀಟರು ಹಿಂದೆ ಬಿದ್ದಿದ್ದೆವು. ಅಣ್ಣನನ್ನು ಕಾಯದೆ, ನಿನ್ನೆಯ ನಕ್ಷೆ ಕೆಳಗಿಟ್ಟುಕೊಂಡು ನಕಲು ಮಾಡಿ, ಅಣ್ಣನ ರುಜುವನ್ನೂ ನಾನೇ ಹಾಕಿದೆ. ಅಣ್ಣನಿಗೆ ಗೊತ್ತಾದದ್ದು ಮಧ್ಯಾಹ್ನ. ಗೊತ್ತಾದ ಕೂಡಲೇ ಒಳಗೆ ಓಡಿದ.

ನನ್ನನ್ನು ಸುರಂಗದಿಂದ ತೆಗೆದಿದ್ದಾರೆ. ಸೇತುವೆಯ ತೊಲೆ ಎರಕ ಹೊಯ್ಯುವ ಅಂಗಳಕ್ಕೆ ಹಾಕಿದ್ದಾರೆ. ಇನ್ನು ಮುಂದೆ ಸುರಂಗದ ಒಳಗೆ ಕೆಲಸ ಕೊಡುವುದಿಲ್ಲ ಎಂದು ಬರೆದು ಕೊಟ್ಟಿದ್ದಾರೆ.

ಅಮ್ಮನಿಗೆ ನೀವೇ ಹೇಳಿ. ನನಗೆ ಬಾಯಿ ಬರುವುದಿಲ್ಲ.

ಮೈದುನ

ಏಪ್ರಿಲ್ ೧೧

ಕಾಗದ ಸಿಕ್ಕಿತು.

ಅತ್ತೆಗೆ ಓದಿ ಹೇಳಿದೆ, ಒಂದಕ್ಷರ ಬಿಡದೆ. ಅವರು ಅಳಲಿಲ್ಲ. ‘ಒಬ್ಬನ್ನ ಬಂಡೆ ತಗೊಂಡು ಹೋಯ್ತು. ಇನ್ನೊಬ್ಬ ಇದ್ದಾನೆ ಅಂದ್ಕೊಂಡಿದ್ದೆ, ಅವನೂ ಇಲ್ಲ ಬಿಡು’ ಎಂದರು. ನಿನ್ನ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿಸಿದರು. ನಾನೇ ಏಣಿ ಹತ್ತಿ ಹಾಕಿದೆ.

ಹನ್ನೆರಡು ಮೀಟರು! ಹನ್ನೆರಡು ಮೀಟರಿಗೆ ನಿನ್ನ ಅಣ್ಣನನ್ನು ಕೊಟ್ಟೆಯಲ್ಲೋ. ಅವರ ರುಜು ಹಾಕುವಾಗ ಅತ್ತೆಯ ನೆನಪಾಗಲಿಲ್ಲವೇ? ಮೊನ್ನೆ ಕಾಗದದಲ್ಲಿ ‘ಎಂದಿನ ಹಾಗೆಯೇ ಇತ್ತು’ ಎಂದು ಬರೆದೆಯಲ್ಲ, ಆಗಲಾದರೂ?

ಇನ್ನು ಈ ಮನೆಗೆ ಬರೆಯಬೇಡ, ಬರಬೇಡ.

ಜೂನ್ ೨

ಅತ್ತಿಗೆ,

ಬರೆಯಬೇಡ ಎಂದಿರಿ. ಇದಕ್ಕೆ ಉತ್ತರ ಬೇಡ.

ಎರಕದ ಅಂಗಳದಲ್ಲಿ ಕೆಲಸ ಚೆನ್ನಾಗಿದೆ. ದಿನಕ್ಕೊಂದು ತೊಲೆ. ಮೇಲೆ ನೀರು ಬಿಟ್ಟು, ಗೋಣಿ ಹೊದಿಸಿ, ಹಸುಗೂಸಿನ ಹಾಗೆ ನೋಡಿಕೊಳ್ಳಬೇಕು. ಎರಕ ಹೊಯ್ದು ತಿಂಗಳುಗಳಾದ ಮೇಲೂ ಕಾಂಕ್ರೀಟು ಕೂದಲೆಳೆಯಷ್ಟು ಜಗ್ಗುತ್ತಲೇ ಇರುತ್ತದೆ, ಅದು ನಿಲ್ಲುವ ತನಕ ಹಳಿ ಹಾಸುವಂತಿಲ್ಲ. ನನ್ನ ಕೆಲಸ ಬೆಳಿಗ್ಗೆ ಸಂಜೆ ಅದನ್ನು ಅಳೆದು ಬರೆಯುವುದು. ಒಂದನ್ನೂ ನೋಡದೆ ಬರೆಯುವುದಿಲ್ಲ, ಅಷ್ಟು ನಂಬಿ.

ಇಲ್ಲಿಗೆ ಬರುವ ನಕ್ಷೆಗಳೆಲ್ಲ ನಿಮ್ಮವೇ. ಮೂಲೆಯಲ್ಲಿ ನಿಮ್ಮ ರುಜು ಇರುತ್ತದೆ. ವಾರಕ್ಕೆ ಎರಡು ಮೂರು ಬರುತ್ತವೆ. ಮನೆಯಿಂದ ಕಾಗದ ಬಂದ ಹಾಗೆ ಆಗುತ್ತದೆ.

ಅಮ್ಮನ ಕಣ್ಣಿನ ತಪಾಸಣೆ ಈ ತಿಂಗಳು ಇತ್ತು. ಅಣ್ಣ ಡೈರಿಯಲ್ಲಿ ಬರೆದಿಟ್ಟಿದ್ದ. ಮರೆಯಬೇಡಿ.

ಮೈದುನ

ಆಗಸ್ಟ್ ೧೮

ಅತ್ತಿಗೆ,

ನಿನ್ನೆ ಬೆಳಿಗ್ಗೆ ಸುರಂಗ ಕೂಡಿತು. ಎರಡೂ ಕಡೆಯಿಂದ ಬಂದವರು ನಡುವೆ ಕೈ ಕುಲುಕಿದರಂತೆ. ಎರಡು ತುದಿಗಳ ನಡುವೆ ಬಂದ ವ್ಯತ್ಯಾಸ ಹನ್ನೊಂದು ಮಿಲಿಮೀಟರು. ಅಣ್ಣ ಇದ್ದಿದ್ದರೆ ‘ಆ ಹನ್ನೊಂದು ಯಾರದ್ದೋ?’ ಎಂದು ಕಾಲೆಳೆಯುತ್ತಿದ್ದ.

ನನ್ನನ್ನು ಒಳಗೆ ಬಿಡಲಿಲ್ಲ. ಅಂಗಳದಿಂದಲೇ ಜನ ಕೂಗುವುದು ಕೇಳಿಸಿತು. ಆ ದಿನ ಬದುಕಿದ ಮೇಸ್ತ್ರಿ ಹೊರಗೆ ಬಂದು ನನ್ನ ಪಕ್ಕ ಕೂತ.

ಅಮ್ಮ ಹೇಗಿದ್ದಾರೆ ಎಂಬ ಒಂದು ಸಾಲು ಬರೆದರೆ ಸಾಕು. ಒಂದು ಶಬ್ದವಾದರೂ ಸಾಕು.

ಮೈದುನ

ಸೆಪ್ಟೆಂಬರ್ ೩೦

ಎಡಚ,

ನಿನ್ನ ಎರಡು ಕಾಗದಗಳನ್ನೂ ಒಡೆಯದೆ ಇಟ್ಟಿದ್ದೆ. ಇವತ್ತು ಒಡೆದೆ.

ನಮ್ಮ ಆಫೀಸಿನಲ್ಲಿ ಸುರಂಗದ ವಿನ್ಯಾಸ ಮಾಡುವ ಹಿರಿಯರು ನಿನಗೆ ಗೊತ್ತಲ್ಲ, ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ. ಸುರಂಗದ ಬಾಯಿಯನ್ನು ತುತ್ತೂರಿಯ ಹಾಗೆ ಅಗಲ ಮಾಡಬೇಕು, ಇಲ್ಲದಿದ್ದರೆ ರೈಲು ನುಗ್ಗಿದಾಗ ಗಾಳಿ ಒತ್ತಿ ಆ ಕಡೆ ಗುಡುಗಿನ ಸದ್ದಾಗುತ್ತದೆ. ಆ ಕೆಲಸಕ್ಕೆ ಬಂಡೆಯ ನಕ್ಷೆಗಳ ಕಟ್ಟು ಪೂರ್ತಿ ತರಿಸಿದ್ದರು. ಮೊನ್ನೆ ಅವರು ರಜೆ ಹಾಕಿದ್ದಾಗ ಹೋಗಿ ಬಿಚ್ಚಿದೆ. ನೀನು ನಿನ್ನ ಅಣ್ಣನ ರುಜು ಹೇಗೆ ಕದ್ದೆ ಎಂದು ನೋಡುವ ಹಟ ಇತ್ತು. ನಿನ್ನ ಮೇಲಿನ ಸಿಟ್ಟಿಗೆ ಇನ್ನಷ್ಟು ಸೌದೆ ಬೇಕಾಗಿತ್ತು ಅನ್ನು.

ಜನವರಿ ಇಪ್ಪತ್ತೇಳರ ಹಾಳೆಯ ಮೇಲೆ ಕೆಸರಿನ ಹೆಬ್ಬೆಟ್ಟು ಇತ್ತು, ನೀರಿನ ಹನಿ ಬಿದ್ದ ಕಲೆ ಇತ್ತು. ಇಪ್ಪತ್ತೆಂಟರದು ಹೊಸ ಬಟ್ಟೆಯ ಹಾಗೆ ಚೊಕ್ಕವಾಗಿತ್ತು. ಸುರಂಗದ ಒಳಗೆ ಹೋಗಿ ಬಂದ ಹಾಳೆಯಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ.

ಆದರೆ ಎಡಚ, ಹಾಳೆಯ ಮೇಲೆ ಹಾಳೆ ಇಟ್ಟು ಬಿರುಕುಗಳನ್ನು ನಕಲು ಮಾಡಬಹುದು, ರುಜುವನ್ನೂ ಮಾಡಬಹುದು. ಬಂಡೆ ಯಾವ ಬಗೆ ಎಂದು ತೋರಿಸಲು ಒಳಗೆ ತುಂಬುವ ಸಣ್ಣ ಗೆರೆಗಳನ್ನು ಯಾರೂ ನೋಡಿಕೊಂಡು ಎಳೆಯುವುದಿಲ್ಲ, ಕೈ ತನ್ನ ಪಾಡಿಗೆ ತಾನು ಎಳೆದುಕೊಂಡು ಹೋಗುತ್ತದೆ. ಬಲಗೈಯವರ ಗೆರೆ ಬಲಕ್ಕೆ ವಾಲುತ್ತದೆ, ನಿನ್ನಂಥವರದು ಎಡಕ್ಕೆ. ಹದಿನೈದು ವರ್ಷದಿಂದ ಬೇರೆಯವರ ಗೆರೆ ತಿದ್ದಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ, ನನಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆ ಹಾಳೆಯ ಗೆರೆ ಒಂದೊಂದೂ ಬಲಕ್ಕೆ ವಾಲಿದೆ.

ಅದು ನಿನ್ನ ಕೈಯಲ್ಲ. ನಿನ್ನ ಅಣ್ಣನೇ ಬರೆದದ್ದು. ಹಾಗಾದರೆ ನೀನೇಕೆ ಸುಳ್ಳು ಹೇಳಿದೆ? ಅಣ್ಣನ ಹೆಸರು ಉಳಿಸಲು ಎಂದುಕೊಂಡೆ. ಆಮೇಲೆ ಮೂಲೆಯಲ್ಲಿ ಬರೆದ ಹೊತ್ತು ಕಂಡಿತು. ಏಳು ಐವತ್ತೆಂಟು.

ನಾವು ಫೋನು ಇಟ್ಟದ್ದು ಏಳು ಐವತ್ತೊಂದಕ್ಕೆ. ಗುಡ್ಡದಿಂದ ಇಳಿದು ಬರಲು ಐದಾರು ನಿಮಿಷ ಎಂದು ಅವರೇ ಹೇಳುತ್ತಿದ್ದರು.

ಹೌದು ಅನ್ನು, ಇಲ್ಲ ಅನ್ನು. ಬೇರೆ ಏನೂ ಬರೆಯಬೇಡ.

ಅತ್ತಿಗೆ

ಅಕ್ಟೋಬರ್ ೮

ಅತ್ತಿಗೆ,

ಹೌದು.

ನೀವು ಬೇಡ ಎಂದರೂ ಬರೆಯುತ್ತೇನೆ. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ಅಣ್ಣ ಗುಡ್ಡದಿಂದ ನಗುತ್ತಾ ಇಳಿದು ಬಂದ. ಏನು ಎಂದು ಕೇಳಿದರೆ ‘ನಿಮ್ಮ ಅತ್ತಿಗೆ ಆಫೀಸಲ್ಲಿ ಯಾರಿಗೋ ಜಾಡಿಸಿದ್ದಾಳಂತೆ’ ಎಂದ. ಹೊರಗೆ ಜನ ಗೊಣಗುತ್ತಿದ್ದರು. ‘ಅಣ್ಣಾ, ಬೇಗ’ ಎಂದವನು ನಾನೇ. ಅವನು ಒಳಗೆ ಹೋಗಿ ಬರಲು ಇನ್ನೂ ಮುಕ್ಕಾಲು ಗಂಟೆ ಬೇಕಿತ್ತು. ನಿನ್ನೆಯ ನಕ್ಷೆ ಮೇಜಿನ ಮೇಲೆ ಹಾಸಿದ. ‘ಇದೊಂದ್ಸಲ. ನಿನ್ನೆ ಇದ್ದ ಬಂಡೆ ಇವತ್ತು ಎಲ್ಲಿಗೆ ಹೋಗುತ್ತೆ’ ಎಂದ. ನಾನು ನೋಡುತ್ತಾ ನಿಂತಿದ್ದೆ. ಕೆಳಗೆ ನನ್ನ ರುಜುವನ್ನೂ ಹಾಕಿದೆ. ಹಾಗಾಗಿ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅತ್ತಿಗೆ. ಅರ್ಧ ಸುಳ್ಳು.

ಮಧ್ಯಾಹ್ನ ಊಟ ಬಿಟ್ಟು ಎದ್ದ. ‘ಮನಸ್ಸು ಕೊರೀತಿದೆ ಕಣೋ, ನೋಡ್ಕೊಂಡು ಬರ್ತೀನಿ’ ಎಂದ. ಅದೇ ಕೊನೆಯ ಮಾತು.

ಸಮಿತಿಯ ಮುಂದೆ ಇದ್ದದ್ದನ್ನೇ ಹೇಳಬೇಕು ಎಂದುಕೊಂಡಿದ್ದೆ. ಅಷ್ಟರಲ್ಲಿ ನಿಮ್ಮ ಫೆಬ್ರವರಿಯ ಕಾಗದ ಬಂತು. ಆ ನಲವತ್ತಮೂರು ನಿಮಿಷ ಬಿಟ್ಟು ಬೇರೆ ಏನೂ ಉಳಿದಿಲ್ಲ ಎಂದು ಬರೆದಿದ್ದಿರಿ. ಅಣ್ಣ ಯಾಕೆ ತಡವಾಗಿ ಬಂದ ಎಂದು ಅವರು ಕೇಳುತ್ತಾರೆ, ನಾನು ಹೇಳಬೇಕಾಗುತ್ತದೆ, ನೀವು ಅದನ್ನು ಓದುತ್ತೀರಿ. ನಿಮ್ಮ ಹತ್ತಿರ ಇದ್ದ ಒಂದನ್ನೂ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ನನಗೆ ಎಲ್ಲಿ ಹಾಕಿದರೂ ಕೆಲಸ ಇದ್ದೇ ಇರುತ್ತದೆ.

ಅಮ್ಮ ನನ್ನ ಹಾಸಿಗೆ ಸುತ್ತಿಸುತ್ತಾರೆ ಎಂದು ಮಾತ್ರ ಅಂದುಕೊಂಡಿರಲಿಲ್ಲ. ಇರಲಿ. ವರದಿ ಮುಗಿದುಹೋಗಿದೆ, ಮುಚ್ಚಿದ್ದನ್ನು ಕೆದಕಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ. ಅಮ್ಮನಿಗೆ ಹೇಳಬೇಡಿ. ಈಗ ಅವರಿಗೆ ಇರುವುದು ನೀವೊಬ್ಬರೇ.

ಮೈದುನ

ಅಕ್ಟೋಬರ್ ೨೭

ಎಡಚ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಕದಿಯದ ಕುಂಬಳಕಾಯಿಗೆ ಹೆಗಲು ಕೊಟ್ಟು ಆರು ತಿಂಗಳು ಹೊತ್ತವನು ನೀನೊಬ್ಬನೇ. ಬೈಯಬೇಕು ಎಂದು ಕೂತಿದ್ದೇನೆ, ಬೈಗುಳ ಬರುತ್ತಿಲ್ಲ.

ಏಪ್ರಿಲ್‌ನಲ್ಲಿ ನಾನು ಬರೆದ ಕಾಗದವನ್ನು ಹರಿದು ಹಾಕು. ಹಾಕಿದ್ದರೂ ಅದು ನಿನಗೆ ಬಾಯಿಪಾಠವಾಗಿರುತ್ತದೆ, ಗೊತ್ತು. ಕ್ಷಮೆ ಕೇಳಲು ನನಗೆ ಮುಖವಿಲ್ಲ.

ಸಮಿತಿಯ ಅಧ್ಯಕ್ಷೆಯನ್ನು ಹೋಗಿ ಕಂಡೆ. ‘ಮುಗಿದ ವರದಿ’ ಎಂದರು. ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ಗೆರೆ ತೋರಿಸಿದೆ, ಹೊತ್ತು ತೋರಿಸಿದೆ, ನನ್ನ ಫೋನು ತೆಗೆದು ಮುಂದಿಟ್ಟೆ. ಒಳ್ಳೆಯ ಹೆಂಗಸು, ನೀರು ತರಿಸಿದರು. ಆಮೇಲೆ ಕೇಳಿದರು, ‘ಅಷ್ಟು ಹೊತ್ತು ಏನು ಮಾತಾಡಿದ್ರಿ? ಮನೇಲಿ ಏನಾದ್ರೂ ತುರ್ತು ಇತ್ತಾ?’

‘ಏನೂ ಇರ್ಲಿಲ್ಲ. ಸುಮ್ನೆ ಮಾತಾಡ್ತಿದ್ವಿ’ ಎಂದೆ.

ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಏನು ಬರೆದುಕೊಳ್ಳಬೇಕೆಂದು ತೋಚಲಿಲ್ಲವೇನೋ. ಆಗ ನಾನು ನಿನಗೂ ಮುಚ್ಚಿಟ್ಟ ಒಂದು ಮಾತನ್ನು ಅವರಿಗೆ ಹೇಳಿದೆ. ಫೆಬ್ರವರಿಯಲ್ಲಿ ನಿನಗೆ ಸುಳ್ಳು ಬರೆದಿದ್ದೆ. ‘ಇಡ್ತೀನಿ’ ಎಂದು ನಿನ್ನ ಅಣ್ಣ ಒಮ್ಮೆಯೂ ಅನ್ನಲಿಲ್ಲ ಎಂದು ಬರೆದಿದ್ದೆನಲ್ಲ. ಎರಡು ಸಲ ಅಂದರು. ಮೊದಲನೆಯ ಸಲ ‘ಕಲ್ಲು ತೆಗೆದಾಯ್ತು, ಹುಡುಗರು ಕಾಯ್ತಿದ್ದಾರೆ’ ಎಂದರು. ‘ಕಾಯ್ಲಿ ಬಿಡಿ, ಬಂಡೆ ಓಡಿ ಹೋಗುತ್ತಾ’ ಎಂದೆ. ಎರಡನೆಯ ಸಲ ಬರೀ ‘ಇಡ್ಲಾ?’ ಎಂದರು. ‘ಇನ್ನೊಂದೇ ನಿಮಿಷ’ ಎಂದೆ. ಆ ಒಂದು ನಿಮಿಷ ಹತ್ತೊಂಬತ್ತಾಯಿತು.

ಅದನ್ನು ಅಧ್ಯಕ್ಷೆ ಬರೆದುಕೊಂಡರು. ವರದಿಗೆ ಒಂದು ಪುಟ ಸೇರಿಸುತ್ತಾರಂತೆ. ನಕ್ಷೆ ನಿನ್ನದಲ್ಲ ಎಂದು ಬರುತ್ತದೆ. ಕೆಳಗೆ ಹಾಕಿದ ರುಜು ನಿನ್ನದೇ, ಅದು ನಿನ್ನ ಪಾಲು, ಅದನ್ನು ನಾನು ತೆಗೆಸಲಾರೆ. ನಿನ್ನ ಅಣ್ಣನ ಹೆಸರಿನ ಮುಂದೆ ಬಂಡೆ ನೋಡದೆ ಬರೆದರು ಎಂದೂ ಬರುತ್ತದೆ, ನಾಲ್ವರನ್ನು ಹೊರಗೆ ನೂಕಿದರು ಎಂದೂ ಬರುತ್ತದೆ. ಎರಡೂ ನಿಜ. ನಿನ್ನನ್ನು ಮತ್ತೆ ಸುರಂಗಕ್ಕೆ ಬಿಡುತ್ತಾರೋ ಇಲ್ಲವೋ ಎಂದು ಕೇಳಿದೆ, ಹೇಳಲಿಲ್ಲ.

ಅತ್ತೆಗೂ ಹೇಳಿದೆ. ಅಡುಗೆಮನೆಯಲ್ಲಿ, ನಿಂತುಕೊಂಡೇ ಹೇಳಿದೆ. ಅವರು ಬಟ್ಟೆ ಮಡಿಸುತ್ತಿದ್ದರು, ಮಡಿಸಿ ಮುಗಿಸುವ ತನಕ ತಲೆ ಎತ್ತಲಿಲ್ಲ. ಆಮೇಲೆ ಏಣಿ ತಾವೇ ಎಳೆದುಕೊಂಡು ಬಂದು ಅಟ್ಟದಿಂದ ನಿನ್ನ ಹಾಸಿಗೆ ಇಳಿಸಿದರು. ಹಿಡಿದುಕೊಳ್ಳಲು ಹೋದರೆ ‘ನೀನು ಬಿಡು’ ಎಂದರು. ಇವತ್ತಿಗೆ ಆರು ದಿನ. ಅಷ್ಟೇ ಅವರು ನನ್ನ ಜೊತೆ ಆಡಿದ ಮಾತು. ನಾನು ಬಡಿಸಿದರೆ ಉಣ್ಣುವುದಿಲ್ಲ, ನಾನು ಎದ್ದು ಹೋದ ಮೇಲೆ ತಾವೇ ಬಡಿಸಿಕೊಂಡು ಉಣ್ಣುತ್ತಾರೆ. ಇವತ್ತು ಬೆಳಿಗ್ಗೆ ಗೋಡೆಗೆ ಹೇಳುವ ಹಾಗೆ ‘ಅವನಿಗೆ ಬರೋಕೆ ಹೇಳು’ ಎಂದರು. ಅದಕ್ಕೇ ಈ ಕಾಗದ.

ಭಾನುವಾರ ಬಾ. ಹಾಸಿಗೆ ಬಿಸಿಲಿಗೆ ಹಾಕಿದ್ದಾರೆ. ಬಾಗಿಲು ನಾನೇ ತೆಗೆಯುತ್ತೇನೆ, ಆಮೇಲೆ ಒಳಗಿನ ಕೋಣೆಯಲ್ಲಿರುತ್ತೇನೆ. ಊಟಕ್ಕೆ ಕೂತಾಗ ಅವರು ನನ್ನನ್ನು ಕರೆಯುವುದಿಲ್ಲ, ನೀನೂ ಕರೆಯಬೇಡ. ನನ್ನ ಪರವಾಗಿ ಅವರ ಹತ್ತಿರ ಒಂದು ಮಾತೂ ಆಡಬೇಡ. ಒಂದು ಸಲ ನೀನು ನನಗಾಗಿ ಮಾತಾಡಿ ತಾಯಿಯನ್ನು ಕಳೆದುಕೊಂಡೆ, ಅಷ್ಟು ಸಾಕು.

ನಿನ್ನ ಅತ್ತಿಗೆ